ಆಟ ಎರಡು ವಾರ, ಸಾಲ 30 ವರ್ಷ

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. ಖುಷಿ ಪಡೋಣ. ಆದ್ರೆ ಬಿಲ್ ಯಾರ ಹೆಸರಿಗೆ ಬರುತ್ತೆ ಅಂತ ಈಗಲೇ ಕೇಳ್ಬೇಕು ಅಲ್ವಾ?

ಬಿಕಾಂ ಓದಿದ ನನಗೆ ಇಲ್ಲಿ ಕಾಣೋದು ಎರಡು ಲೆಕ್ಕ. ಕೂಟ ನಡೆಸೋ ಖರ್ಚು ಒಂದು. ಟಿವಿ ಹಕ್ಕು, ಪ್ರಾಯೋಜಕರು, ಟಿಕೆಟ್ ಸೇರಿದ್ರೆ ಇದು ಬಹುಮಟ್ಟಿಗೆ ಹುಟ್ಟಬಹುದು. ಸ್ಟೇಡಿಯಂ, ರಸ್ತೆ ಕಟ್ಟೋ ಖರ್ಚು ಇನ್ನೊಂದು. ಇದು ಸಾಮಾನ್ಯವಾಗಿ ತೆರಿಗೆ ಕಟ್ಟುವವರ ತಲೆ ಮೇಲೆ. "ಲಾಭ ಬಂತು" ಅಂತ ಯಾರಾದ್ರೂ ಹೇಳಿದ್ರೆ, ಯಾವ ಲೆಕ್ಕದಲ್ಲಿ ಅಂತ ಕೇಳಿ.

ಕೆನಡಾದ ಮಾಂಟ್ರಿಯಲ್ 1976ರಲ್ಲಿ ಒಲಿಂಪಿಕ್ಸ್ ನಡೆಸಿತು. ಸಾಲ ತೀರಿದ್ದು 2006ರಲ್ಲಿ! ಸಿಗರೇಟ್ ಮೇಲಿನ ತೆರಿಗೆ ಹಣವೂ ಅದಕ್ಕೇ ಹೋಯ್ತು. ಅದೇ 1984ರಲ್ಲಿ ಲಾಸ್ ಏಂಜಲೀಸ್ 20 ಕೋಟಿ ಡಾಲರ್‌ಗೂ ಹೆಚ್ಚು ಉಳಿಸಿತು. ಹೇಗೆ? ಬಹುತೇಕ ಇದ್ದ ಸ್ಟೇಡಿಯಂಗಳನ್ನೇ ಬಳಸಿತು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವಂತೂ 2026ರ ಕಾಮನ್‌ವೆಲ್ತ್ ಕೂಟವನ್ನ 2023ರಲ್ಲೇ ಕೈಬಿಟ್ಟಿತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದಾಜು 600 ಕೋಟಿ ದಾಟುತ್ತೆ ಅಂತ ಸರ್ಕಾರವೇ ಹೇಳ್ತು. ಕೈಬಿಟ್ಟಿದ್ದಕ್ಕೂ 38 ಕೋಟಿ ಪರಿಹಾರ ಕೊಡ್ಬೇಕಾಯ್ತು.

ನನ್ನ ಅಳತೆಗೋಲು ಸರಳ. ಕಟ್ಟೋ ರಸ್ತೆ, ಮೆಟ್ರೋ, ಮೈದಾನ ಕೂಟ ಇಲ್ಲದಿದ್ರೂ ಊರಿಗೆ ಬೇಕಿತ್ತಾ? ಹೌದು ಅಂದ್ರೆ ಖರ್ಚು ಮಾಡಲಿ. ಎರಡು ವಾರಕ್ಕೆ ಮಾತ್ರ ಅಂದ್ರೆ, ಸಾಲ ಮಾಡಿ ತುಪ್ಪ ತಿಂದ ಹಾಗೆ.