ಬಿಡದೆ ಬೇಡುವುದು: ಕ್ರೈಸ್ತ ಪ್ರಾರ್ಥನಾ ಪರಂಪರೆಯಲ್ಲಿ ಪಟ್ಟು ಮತ್ತು ನಂಬಿಕೆ

‘ಪ್ರಾರ್ಥನೆ’ ಎಂಬ ಶಬ್ದದ ಮೂಲದಲ್ಲಿಯೇ ಬೇಡಿಕೆಯಿದೆ. ಬಯಸುವುದು, ಯಾಚಿಸುವುದು ಎಂಬ ಅರ್ಥವುಳ್ಳ ಸಂಸ್ಕೃತ ಧಾತುವಿನಿಂದ ಬಂದ ಈ ಪದವನ್ನು ಕನ್ನಡದ ಕ್ರೈಸ್ತರು ತಮ್ಮ ಆರಾಧನೆಯ ಪ್ರಧಾನ ಪರಿಭಾಷೆಯಾಗಿ ಸ್ವೀಕರಿಸಿದ್ದು ಸಹಜವಾಗಿಯೇ ಇದೆ. ಸ್ತುತಿ, ಕೃತಜ್ಞತೆ, ಪಾಪನಿವೇದನೆ, ಮೌನಧ್ಯಾನ ಇವೆಲ್ಲವೂ ಕ್ರೈಸ್ತ ಪ್ರಾರ್ಥನೆಯ ವ್ಯಾಪ್ತಿಗೆ ಸೇರುತ್ತವೆಯಾದರೂ ಬೇಡುವುದನ್ನು ಆ ಪರಂಪರೆ ಕೀಳೆಂದು ಬಗೆದಿಲ್ಲ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೇ ಬೇಡಿಕೆಗಳ ಒಂದು ಸರಣಿ. ದೇವರ ರಾಜ್ಯದ ಆಗಮನದ ಪಕ್ಕದಲ್ಲಿಯೇ ಅಂದಂದಿನ ರೊಟ್ಟಿಯ ಬೇಡಿಕೆಯೂ ಅಲ್ಲಿದೆ. ಆದರೆ ಬೇಡುವುದು ಒಪ್ಪಿತವಾದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಎಲ್ಲವನ್ನೂ ಬಲ್ಲ, ಒಳ್ಳೆಯದನ್ನೇ ಬಯಸುವ ದೇವರಲ್ಲಿ ಒಮ್ಮೆ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದೇಕೆ? ಮತ್ತೆ ಕೇಳುವುದು ನಂಬಿಕೆಯ ಗುರುತೋ, ನಂಬಿಕೆ ಸಾಲದ್ದರ ಗುರುತೋ?

ಈ ಪ್ರಶ್ನೆಯನ್ನು ನಂತರದ ವ್ಯಾಖ್ಯಾನಕಾರರು ಕಲ್ಪಿಸಿಕೊಂಡದ್ದಲ್ಲ. ಅದು ಹೊಸ ಒಡಂಬಡಿಕೆಯ ಒಳಗೇ ಇದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಮಾತುಗಳನ್ನು ಪೇರಿಸುವ ಪ್ರಾರ್ಥನೆಯನ್ನು ನಿರಾಕರಿಸುತ್ತಾನೆ. ಕೇಳುವ ಮೊದಲೇ ತಂದೆಗೆ ಎಲ್ಲವೂ ತಿಳಿದಿದೆ ಎನ್ನುತ್ತಾನೆ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಾದರೋ ಎದೆಗುಂದದೆ ಯಾವಾಗಲೂ ಪ್ರಾರ್ಥಿಸಬೇಕೆಂದು ಹೇಳಲು ಒಂದು ಸಾಮ್ಯವನ್ನೇ ಕಟ್ಟುತ್ತಾನೆ. ಎರಡನ್ನೂ ಒಟ್ಟಿಗೆ ಓದಿದವನಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ.

ಲೂಕನು ಈ ವಿಷಯವಾಗಿ ಎರಡು ಸಾಮ್ಯಗಳನ್ನು ಹೇಳುತ್ತಾನೆ. ಮೊದಲನೆಯದು 11ನೆಯ ಅಧ್ಯಾಯದ ನಡುರಾತ್ರಿಯ ಸ್ನೇಹಿತನ ಕಥೆ. ಪ್ರಯಾಣದಿಂದ ಬಳಲಿ ಬಂದ ಅತಿಥಿಗೆ ಬಡಿಸಲು ಮನೆಯಲ್ಲಿ ಏನೂ ಇಲ್ಲ. ಮನೆಯಾತ ನೆರೆಯವನ ಬಾಗಿಲಿಗೆ ಹೋಗಿ ಮೂರು ರೊಟ್ಟಿ ಕೇಳುತ್ತಾನೆ. ಒಳಗಿನವನು ಬಾಗಿಲು ಹಾಕಿದೆ, ಮಕ್ಕಳೊಡನೆ ಮಲಗಿದ್ದೇನೆ ಎಂದು ಗೊಣಗುತ್ತಾನೆ. ಗೆಳೆತನಕ್ಕಾಗಿ ಏಳದಿದ್ದರೂ ಇನ್ನೊಂದು ಕಾರಣಕ್ಕಾಗಿ ಅವನು ಎದ್ದು ಕೊಡುತ್ತಾನೆ. ಆ ಕಾರಣವನ್ನು ಹೇಳುವ ಗ್ರೀಕ್ ಪದ ‘ಅನಾಯ್ದೆಯ’. ಅದರ ನೇರವಾದ ಅರ್ಥ ಪಟ್ಟು ಅಲ್ಲ, ಛಲವೂ ಅಲ್ಲ, ನಾಚಿಕೆಗೇಡಿತನ. ಪ್ರಾಚೀನ ಗ್ರೀಕಿನಲ್ಲಿ ಅದು ಸಾಮಾನ್ಯವಾಗಿ ನಿಂದೆಯ ಮಾತು. ಲ್ಯಾಟಿನ್ ಬೈಬಲಿನಲ್ಲಿ ಬಳಕೆಯಾದ ‘ಇಂಪ್ರೊಬಿತಾಸ್’ ಪದದಲ್ಲಿಯೂ ಕೆಡುಕಿನ ಛಾಯೆಯಿದೆ. ಕಾಲಕ್ರಮದಲ್ಲಿ ಅನುವಾದಕರು ಇದನ್ನು ಮೆದುಗೊಳಿಸಿ ‘ಬಿಡದೆ ಕೇಳುವಿಕೆ’ಯಾಗಿ ಮಾಡಿದರು. ಕಥೆಯನ್ನು ಗಮನವಿಟ್ಟು ಓದಿದರೆ ಆ ಮನುಷ್ಯ ಪದೇ ಪದೇ ಬಾಗಿಲು ತಟ್ಟಿದನೆಂದು ಅಲ್ಲಿ ಎಲ್ಲಿಯೂ ಇಲ್ಲವೆಂಬುದು ಕಾಣುತ್ತದೆ. ಅವನು ಕೇಳುವುದು ಒಮ್ಮೆ ಮಾತ್ರ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ, ಸಂಕೋಚವಿಲ್ಲದೆ.

ಈ ನಾಚಿಕೆಗೇಡಿತನ ಯಾರದು ಎಂಬುದೂ ಚರ್ಚೆಯ ವಿಷಯವೇ. ಪಶ್ಚಿಮ ಏಷ್ಯಾದ ಹಳ್ಳಿಗಳ ಬದುಕನ್ನು ಹತ್ತಿರದಿಂದ ಕಂಡಿದ್ದ ಕೆನೆತ್ ಬೇಯ್ಲಿ 1976ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಈ ಪದವನ್ನು ಮಲಗಿದವನ ಕಡೆಗೆ ತಿರುಗಿಸಿದನು. ಅತಿಥಿ ಒಬ್ಬನ ಮನೆಗಲ್ಲ, ಇಡೀ ಊರಿಗೆ ಬಂದವನು. ಅವನಿಗೆ ರೊಟ್ಟಿ ಇಲ್ಲವೆಂದರೆ ಮರುದಿನ ಊರೆಲ್ಲ ಆ ಸುದ್ದಿ ಹಬ್ಬುತ್ತದೆ. ಆ ಅವಮಾನ ತನಗೆ ತಟ್ಟಬಾರದೆಂದು ಒಳಗಿನವನು ಏಳುತ್ತಾನೆ ಎಂಬುದು ಅವನ ವಾದ. ಅತಿಥಿಸತ್ಕಾರವನ್ನು ಊರಿನ ಮರ್ಯಾದೆಯೆಂದು ಬಲ್ಲ ಓದುಗರಿಗೆ ಇದು ಆಕರ್ಷಕವಾಗಿ ತೋರುತ್ತದೆ. ಆದರೆ ವಾಕ್ಯದ ಸಹಜ ಓಟ ಹೊರಗೆ ನಿಂತವನನ್ನೇ ಸೂಚಿಸುವುದರಿಂದ ಹಳೆಯ ಓದನ್ನು ಕೈಬಿಡಲು ಇದಿಷ್ಟೇ ಸಾಲದು. ಕನ್ನಡದಲ್ಲಿ ‘ನಾಚಿಕೆಗೆಟ್ಟು’ ಎನ್ನುವುದಕ್ಕೂ ‘ನಾಚಿಕೆ ಬಿಟ್ಟು’ ಎನ್ನುವುದಕ್ಕೂ ಇರುವ ಅಂತರ ಇಲ್ಲಿ ನೆರವಿಗೆ ಬರುತ್ತದೆ. ಮೊದಲನೆಯದು ಬೈಗುಳ, ಎರಡನೆಯದು ಕಷ್ಟಕ್ಕೆ ಸಿಕ್ಕವನು ತಾನಾಗಿ ತಾಳುವ ನಿಲುವು. ಕೇಳುವವನು ತನಗಾಗಿ ಅಲ್ಲ, ಹಸಿದ ಇನ್ನೊಬ್ಬನಿಗಾಗಿ ನಾಚಿಕೆ ಬಿಟ್ಟಿದ್ದಾನೆ ಎಂಬುದನ್ನು ವ್ಯಾಖ್ಯಾನಗಳು ಎಷ್ಟೋ ವೇಳೆ ಮರೆಯುತ್ತವೆ.

ಎರಡನೆಯ ಸಾಮ್ಯದಲ್ಲಿ ನಿಜವಾದ ಪಟ್ಟು ಕಾಣುತ್ತದೆ. ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ಒಬ್ಬ ನ್ಯಾಯಾಧಿಪತಿ. ಅವನ ಬಳಿಗೆ ಮತ್ತೆ ಮತ್ತೆ ಬಂದು ನ್ಯಾಯ ಕೇಳುವ ಒಬ್ಬ ವಿಧವೆ. ಆಕೆಯ ಪರವಾಗಿ ಮಾತನಾಡಲು ಗಂಡಸರಿಲ್ಲ, ಲಂಚಕ್ಕೆ ಹಣವಿದ್ದಂತೆಯೂ ಕಾಣದು. ಆಕೆಗಿರುವುದು ಮತ್ತೆ ಬರುವ ಶಕ್ತಿಯೊಂದೇ. ವಿಧವೆಯರ ಹಕ್ಕನ್ನು ಕೆಡಿಸಬಾರದೆಂಬ ಮೋಶೆಯ ಧರ್ಮಶಾಸ್ತ್ರದ ಕಟ್ಟಳೆಯನ್ನು ಬಲ್ಲ ಯೆಹೂದಿ ಕೇಳುಗರಿಗೆ ಈ ನ್ಯಾಯಾಧಿಪತಿಯ ಅಪರಾಧ ಎಂಥದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಗೆ ಅವನು ಮಣಿಯುವಾಗ ಆಡುವ ಕ್ರಿಯಾಪದ ಮುಷ್ಟಿಕಾಳಗದಿಂದ ಬಂದದ್ದು: ಕಣ್ಣಿನ ಕೆಳಗೆ ಗುದ್ದುವುದು. ಈ ಹೆಂಗಸು ಬಂದು ಬಂದು ತನ್ನ ಮುಖ ಕಪ್ಪಿಡಿಸಿಯಾಳು ಎಂಬ ಭಯ ಆ ದೊಡ್ಡ ಮನುಷ್ಯನಿಗೆ. ಇಲ್ಲಿಯ ಹಾಸ್ಯವನ್ನು ಅನುವಾದಗಳು ‘ದಣಿಸಿಬಿಟ್ಟಾಳು’, ‘ಪೀಡಿಸಿಯಾಳು’ ಎಂಬ ಮಾತುಗಳಲ್ಲಿ ಸಾಮಾನ್ಯವಾಗಿ ಮರೆಸುತ್ತವೆ.

ಈ ಸಾಮ್ಯವನ್ನು ತಪ್ಪಾಗಿ ಓದುವುದು ಬಹಳ ಸುಲಭ. ದೇವರು ಆ ನ್ಯಾಯಾಧಿಪತಿಯಂತೆ, ಸಾಕಷ್ಟು ಕಾಡಿದರೆ ಮಣಿಯುತ್ತಾನೆ ಎಂಬ ತಿಳಿವಳಿಕೆ ಜನಪ್ರಿಯ ಬೋಧನೆಗಳಲ್ಲಿ ಇಣುಕುತ್ತಿರುತ್ತದೆ. ಆದರೆ ಸಾಮ್ಯದ ತರ್ಕ ಹೋಲಿಕೆಯದಲ್ಲ, ವೈದೃಶ್ಯದ್ದು. ಭಾರತೀಯ ಶಾಸ್ತ್ರಪರಂಪರೆ ಕೈಮುತಿಕ ನ್ಯಾಯವೆಂದು ಕರೆಯುವ, ಯೆಹೂದಿ ರಬ್ಬಿಗಳಿಗೂ ಹಗುರದಿಂದ ಭಾರದೆಡೆಗೆ ಸಾಗುವ ವಾದವೆಂದು ಪರಿಚಿತವಾಗಿದ್ದ ಕ್ರಮ ಇಲ್ಲಿಯದು: ಇಂಥ ದುಷ್ಟನೇ ಕೊಡುವನೆಂದ ಮೇಲೆ ಪ್ರೀತಿಸುವ ದೇವರ ವಿಷಯ ಹೇಳಬೇಕೆ? ಮೀನು ಕೇಳಿದ ಮಗನಿಗೆ ಹಾವನ್ನೂ ಮೊಟ್ಟೆ ಕೇಳಿದವನಿಗೆ ಚೇಳನ್ನೂ ಕೊಡದ ತಂದೆಯ ಉದಾಹರಣೆಯಲ್ಲಿಯೂ ಇದೇ ಕ್ರಮವಿದೆ. ಹೀಗಾಗಿ ವಿಧವೆಯ ಪಟ್ಟು ದೇವರನ್ನು ಬಗ್ಗಿಸುವ ಉಪಾಯವಲ್ಲ. ನ್ಯಾಯ ಇನ್ನೂ ಬಾರದಿರುವಾಗಲೂ ಅದು ಬರುತ್ತದೆಂದು ಬಾಳುವ ರೀತಿ. ಸಾಮ್ಯದ ಕೊನೆಯಲ್ಲಿ ಯೇಸು ಕೇಳುವ ಪ್ರಶ್ನೆಯೂ ದೇವರು ಕೊಡುವನೋ ಎಂಬುದಲ್ಲ. ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ‘ಪಿಸ್ತಿಸ್’ ಉಳಿದಿರುವುದೋ ಎಂಬುದು.

ಈ ‘ಪಿಸ್ತಿಸ್’ ಕನ್ನಡದಲ್ಲಿ ಎರಡು ದಾರಿ ಹಿಡಿಯಿತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಬೈಬಲ್ ಅನುವಾದದ ಕೆಲಸ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಪರಿಷ್ಕರಣೆ ಇವುಗಳ ಪರಂಪರೆಯಲ್ಲಿ ಬೆಳೆದ ಪ್ರೊಟೆಸ್ಟಂಟ್ ಕನ್ನಡದಲ್ಲಿ ‘ನಂಬಿಕೆ’ ನೆಲೆಗೊಂಡಿತು. ಕಥೋಲಿಕರ ಕನ್ನಡ ‘ವಿಶ್ವಾಸ’ವನ್ನು ಹೆಚ್ಚಾಗಿ ಬಳಸುತ್ತದೆ. ಇದು ಕೇವಲ ದ್ರಾವಿಡ-ಸಂಸ್ಕೃತ ಪದಗಳ ಆಯ್ಕೆಯಲ್ಲ. ‘ನಂಬು’ ಎಂಬ ಕ್ರಿಯೆಗೆ ವಚನಗಳ ಕಾಲದಿಂದಲೂ ಭಕ್ತಿಯ ಸಂದರ್ಭದಲ್ಲಿ ಒಂದು ಹದವಿದೆ. ಒಂದು ಸಂಗತಿ ನಿಜವೆಂದು ಒಪ್ಪುವುದಕ್ಕಿಂತ ಒಬ್ಬರನ್ನು ನೆಚ್ಚಿ ನಿಲ್ಲುವುದೇ ಅದರ ಮುಖ್ಯಾರ್ಥ. ಗ್ರೀಕ್ ಪದದಲ್ಲಿಯೂ ನೆಚ್ಚುವುದು ಮತ್ತು ನಿಷ್ಠೆಯಿಂದ ಉಳಿಯುವುದು ಎರಡೂ ಸೇರಿವೆಯೆಂಬುದನ್ನು ಗಮನಿಸಿದರೆ ವಿಧವೆಯ ಕಥೆಯ ಕೊನೆಗೆ ಆ ಪದ ಏಕೆ ಬಂದಿತೆಂಬುದು ಸ್ಪಷ್ಟವಾಗುತ್ತದೆ. ಆಕೆ ಮತ್ತೆ ಬರುವುದೇ ಆಕೆಯ ನಂಬಿಕೆ.

ಮತ್ತಾಯನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಇದೇ ನಂಬಿಕೆ ಇನ್ನೂ ಒರಟಾದ ಪರೀಕ್ಷೆಗೆ ಒಳಗಾಗುತ್ತದೆ. ಮಗಳಿಗಾಗಿ ಮೊರೆಯಿಡುವ ಕಾನಾನ್ಯ ಸ್ತ್ರೀಗೆ ಯೇಸುವಿನಿಂದ ಮೊದಲು ಸಿಗುವುದು ಮೌನ, ಬಳಿಕ ನಿರಾಕರಣೆ, ಆಮೇಲೆ ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕಲಾಗದೆಂಬ ಕಟುವಾದ ಮಾತು. ಆಕೆ ಆ ಮಾತನ್ನೇ ಹಿಡಿದು ಮೇಜಿನಿಂದ ಬೀಳುವ ಚೂರಿನ ಹಕ್ಕನ್ನು ಸಾಧಿಸುತ್ತಾಳೆ. ಈ ಪ್ರಸಂಗದ ಇರುಸುಮುರುಸನ್ನು ಯಾವ ವ್ಯಾಖ್ಯಾನವೂ ಪೂರ್ತಿಯಾಗಿ ತೊಡೆದಿಲ್ಲ, ತೊಡೆಯಬೇಕಾಗಿಯೂ ಇಲ್ಲ. ದೊಡ್ಡ ನಂಬಿಕೆಯೆಂಬ ಪ್ರಶಂಸೆ ಅಲ್ಲಿ ದೊರೆಯುವುದು ಶಿಷ್ಯರಿಗಲ್ಲ, ವಾದಕ್ಕೆ ನಿಂತ ಈ ಹೊರಗಿನ ಹೆಣ್ಣಿಗೆ.

ಇಷ್ಟರವರೆಗಿನವು ಕೇಳಿದ್ದು ದೊರೆತ ಕಥೆಗಳು. ಪರಂಪರೆಯ ಗಟ್ಟಿತನ ತಿಳಿಯುವುದು ದೊರೆಯದಿದ್ದ ಕಡೆಗಳಲ್ಲಿ. ಗೆತ್ಸೇಮನೆ ತೋಟದಲ್ಲಿ ಯೇಸು ಒಂದೇ ಪ್ರಾರ್ಥನೆಯನ್ನು ಮೂರು ಬಾರಿ ಮಾಡುತ್ತಾನೆ, ಪಾತ್ರೆ ತೊಲಗುವುದಿಲ್ಲ. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯ ಹೇಳುತ್ತದೆ. ಶೂಲ ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ನಂಬಿ ಕೇಳಿದರೆ ದೊರೆತೇ ದೊರೆಯುತ್ತದೆಂಬ ಮಾರ್ಕನ ಸುವಾರ್ತೆಯ ಮಾತನ್ನು ಈ ಎರಡು ಪ್ರಸಂಗಗಳಿಂದ ಬೇರ್ಪಡಿಸಿ ಬೋಧಿಸಿದಾಗಲೆಲ್ಲ ಅದು ಕ್ರೂರವಾಗಿದೆ. ರೋಗ ವಾಸಿಯಾಗದಿದ್ದರೆ, ಮಗು ಉಳಿಯದಿದ್ದರೆ, ನಂಬಿಕೆ ಸಾಲದೆ ಹೋಯಿತೆಂಬ ತೀರ್ಪು ನೊಂದವರ ತಲೆಯ ಮೇಲೆಯೇ ಬೀಳುತ್ತದೆ. ಈ ತೀರ್ಪನ್ನು ಗೆತ್ಸೇಮನೆಗೆ ಅನ್ವಯಿಸಲು ಯಾವ ಬೋಧಕನೂ ಮುಂದಾಗಲಾರನು. 88ನೆಯ ಕೀರ್ತನೆ ಹಗಲಿರುಳು ಕೂಗಿ ಯಾವ ಸಮಾಧಾನವನ್ನೂ ಕಾಣದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂಥದೊಂದನ್ನು ಪ್ರಾರ್ಥನಾಗ್ರಂಥದೊಳಗೆ ಉಳಿಸಿಕೊಂಡವರು ಪ್ರಾರ್ಥನೆಯ ವಿಷಯದಲ್ಲಿ ಪ್ರಾಮಾಣಿಕರಾಗಿದ್ದರು.

ಮತ್ತಾಯ ಮತ್ತು ಲೂಕರ ನಡುವಣ ಬಿಕ್ಕಟ್ಟನ್ನು ಬಿಡಿಸಲು ಯತ್ನಿಸಿದವರಲ್ಲಿ ಅಗಸ್ಟಿನನ ವಿವೇಚನೆ ವಿಶಿಷ್ಟವಾದುದು. 410ರಲ್ಲಿ ರೋಮ್ ನಗರ ಸೂರೆಯಾದ ಬಳಿಕ ಆಫ್ರಿಕಾಕ್ಕೆ ವಲಸೆ ಬಂದಿದ್ದ ಪ್ರೋಬಾ ಎಂಬ ಕುಲೀನ ವಿಧವೆ ಹೇಗೆ ಪ್ರಾರ್ಥಿಸಬೇಕೆಂದು ಕೇಳಿದಾಗ ಸುಮಾರು 412ರಲ್ಲಿ ಆತ ದೀರ್ಘವಾದೊಂದು ಪತ್ರ ಬರೆದನು. ಬಹಳ ಮಾತನಾಡುವುದು ಬೇರೆ, ಬಹಳ ಕಾಲ ಹಂಬಲಿಸುವುದು ಬೇರೆ ಎಂಬುದು ಆತನ ಪರಿಹಾರ. ಈಜಿಪ್ಟಿನ ಸಂನ್ಯಾಸಿಗಳು ಬಾಣ ಬಿಟ್ಟಂತೆ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಮಾಡುತ್ತಿದ್ದುದನ್ನು ಆತ ಅಲ್ಲಿ ನೆನೆಯುತ್ತಾನೆ. ಮುಂದೆ ಜಾನ್ ಕ್ಯಾಸಿಯನ್ ಕೂಡ 70ನೆಯ ಕೀರ್ತನೆಯ ಒಂದೇ ವಾಕ್ಯವನ್ನು ದಿನವಿಡೀ ಮನಸ್ಸಿನಲ್ಲಿ ಆಡಿಸುವ ಅವರ ಕ್ರಮವನ್ನು ವಿವರಿಸಿದನು. ಅಗಸ್ಟಿನನ ಪ್ರಕಾರ ದೇವರಿಗೆ ತಿಳಿಸುವುದಕ್ಕಾಗಿ ಮನುಷ್ಯ ಬೇಡುವುದಿಲ್ಲ. ಬೇಡುತ್ತಾ ಬೇಡುತ್ತಾ ಬಯಕೆ ಹಿಗ್ಗುತ್ತದೆ, ಕೊಡಲಿರುವುದನ್ನು ಹಿಡಿದುಕೊಳ್ಳುವಷ್ಟು ಒಡಲು ಅಗಲವಾಗುತ್ತದೆ.

ಈ ಮಾತಿನ ಹಿಂದೆ ಆತನ ತಾಯಿ ಮೋನಿಕಾಳ ಬದುಕಿದೆ. ದಾರಿ ತಪ್ಪಿದ ಮಗನಿಗಾಗಿ ಆಕೆ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ್ದು ‘ಕನ್ಫೆಶನ್ಸ್’ ಕೃತಿಯಿಂದ ಪ್ರಸಿದ್ಧವಾಗಿದೆ. ಅದರಲ್ಲಿ ಹೆಚ್ಚು ಗಮನಿಸಬೇಕಾದದ್ದು 383ರ ಒಂದು ರಾತ್ರಿಯ ಘಟನೆ. ಮಗ ರೋಮಿಗೆ ಹೊರಟಿದ್ದ. ತಾಯಿ ಕಾರ್ಥೇಜಿನ ಕಡಲತಡಿಯವರೆಗೂ ಬಂದು ಬಿಡಲೊಲ್ಲೆನೆಂದಳು. ಸಿಪ್ರಿಯನ್ ಸಂತನ ಸ್ಮಾರಕಾಲಯದಲ್ಲಿ ಆಕೆ ರಾತ್ರಿ ಕಳೆಯುವಂತೆ ಮಾಡಿ, ಸುಳ್ಳು ಹೇಳಿ ಅವನು ಹಡಗು ಹತ್ತಿದ. ಆ ರಾತ್ರಿ ಆಕೆ ಬೇಡುತ್ತಿದ್ದುದು ಮಗ ಹೋಗದಿರಲೆಂದೇ. ಬೆಳಗ್ಗೆ ದಡದಲ್ಲಿ ಆಕೆಗೆ ಕಂಡದ್ದು ಬರಿಯ ಕಡಲು. ಆದರೆ ಆ ಪ್ರಯಾಣವೇ ಅಗಸ್ಟಿನನನ್ನು ಮಿಲಾನಿಗೆ, ಬಿಷಪ್ ಆಂಬ್ರೋಸನ ಸನ್ನಿಧಿಗೆ ಒಯ್ದಿತು. 387ರ ಈಸ್ಟರ್ ಹಬ್ಬದಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ಅದೇ ವರ್ಷ ಓಸ್ತಿಯಾ ಬಂದರಿನಲ್ಲಿ ಮೋನಿಕಾ ತೀರಿಕೊಂಡಳು. ಅಂದು ಬೇಡಿದ್ದನ್ನು ನಿರಾಕರಿಸಿ ಎಂದೆಂದೂ ಬೇಡುತ್ತಿದ್ದುದನ್ನು ದೇವರು ಕೊಟ್ಟನೆಂಬುದು ಮಗನ ವ್ಯಾಖ್ಯಾನ. ಇದು ಫಲ ಕಂಡ ಮೇಲೆ ಹಿಂತಿರುಗಿ ನೋಡಿದವನ ಮಾತೆಂಬುದನ್ನು ಮರೆಯಬಾರದು. ಅಂದಿನ ಬೆಳಗ್ಗೆ ದಡದಲ್ಲಿ ನಿಂತವಳಿಗೆ ಈ ವ್ಯಾಖ್ಯಾನ ಲಭ್ಯವಿರಲಿಲ್ಲ. ಆದರೂ ಆಕೆ ಮನೆಗೆ ಮರಳಿ ಮತ್ತೆ ಪ್ರಾರ್ಥನೆಗೆ ತೊಡಗಿದಳು.

13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ತರ್ಕದ ನೆಲೆಗೆ ತಂದನು. ದೇವರ ಸಂಕಲ್ಪ ಬದಲಾಗದೆಂದರೆ ಪ್ರಾರ್ಥನೆ ವ್ಯರ್ಥ, ಪ್ರಾರ್ಥನೆಗೆ ಫಲವುಂಟೆಂದರೆ ಸಂಕಲ್ಪ ಚಂಚಲ ಎಂಬ ಇಕ್ಕಟ್ಟಿಗೆ ಆತನ ಉತ್ತರ ಸರಳವಾಗಿದೆ: ದೈವಸಂಕಲ್ಪ ಫಲವನ್ನು ಮಾತ್ರವಲ್ಲ, ಅದು ಯಾವ ಕಾರಣದಿಂದ ಒದಗಬೇಕೆಂಬುದನ್ನೂ ಗೊತ್ತುಪಡಿಸುತ್ತದೆ. ಬೆಳೆ ಬರುವುದು ಸಂಕಲ್ಪಿತವಾಗಿದ್ದರೂ ಬಿತ್ತುವ ಕೆಲಸ ತಪ್ಪದು. ಪ್ರಾರ್ಥನೆಯೂ ಅಂಥದೊಂದು ಬಿತ್ತನೆ. ತರ್ಕ ಬಿಗಿಯಾಗಿದೆ. ಆದರೆ ಇದು ಪ್ರಾರ್ಥನೆ ಏಕೆ ಎಂಬುದನ್ನು ವಿವರಿಸುವಷ್ಟು ಚೆನ್ನಾಗಿ ವಿಳಂಬ ಏಕೆ ಎಂಬುದನ್ನು ವಿವರಿಸುವುದಿಲ್ಲ.

ಉತ್ತರವಿಲ್ಲದೆಯೂ ಮುಂದುವರಿದ ಪ್ರಾರ್ಥನೆಗೆ ಸಮೀಪ ಕಾಲದ ದೊಡ್ಡ ನಿದರ್ಶನ ಕೋಲ್ಕತ್ತದಲ್ಲಿಯೇ ದೊರೆಯುತ್ತದೆ. 1950ರಲ್ಲಿ ಮಿಶನರೀಸ್ ಆಫ್ ಚಾರಿಟಿ ಸಂಸ್ಥೆಯನ್ನು ಸ್ಥಾಪಿಸಿದ ಮದರ್ ತೆರೇಸಾ 1997ರಲ್ಲಿ ನಿಧನರಾದರು. ಅವರು ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಿಗೆ ಬರೆದ ಪತ್ರಗಳು 2007ರಲ್ಲಿ ಗ್ರಂಥರೂಪದಲ್ಲಿ ಹೊರಬಂದಾಗ ಜಗತ್ತು ಬೆರಗಾಯಿತು. ಸೇವೆಯ ಆರಂಭದ ವರ್ಷಗಳಿಂದ ಮೊದಲ್ಗೊಂಡು ದಶಕಗಳ ಕಾಲ ದೇವರ ಸಾನ್ನಿಧ್ಯದ ಯಾವ ಅನುಭವವೂ ಅವರಿಗಿರಲಿಲ್ಲ. ಒಳಗೆ ಕತ್ತಲೆ, ಬರಿದು. ಕೆಲವರು ಇದನ್ನು ನಂಬಿಕೆಯ ನಾಶವೆಂದು ಓದಿದರು, ಇನ್ನು ಕೆಲವರು ಶಿಲುಬೆಯ ಯೋಹಾನನು 16ನೆಯ ಶತಮಾನದಲ್ಲಿ ವರ್ಣಿಸಿದ ಆತ್ಮದ ಕಾಳರಾತ್ರಿಯ ಮುಂದುವರಿಕೆಯೆಂದರು. ಆ ಪತ್ರಗಳನ್ನು ನಾಶಮಾಡಬೇಕೆಂದು ಅವರು ಕೇಳಿಕೊಂಡಿದ್ದರು. ಆ ಒಂದು ಬೇಡಿಕೆಯನ್ನು ಚರ್ಚು ನಡೆಸಿಕೊಡಲಿಲ್ಲ. ಆದುದರಿಂದಲೇ ಆ ಎಲ್ಲ ವರ್ಷಗಳಲ್ಲಿಯೂ ಅವರು ನಿತ್ಯದ ಪ್ರಾರ್ಥನೆಯನ್ನು ಎಂಥ ಮೌನದ ಎದುರು ನಡೆಸಿದ್ದರೆಂಬುದು ತಿಳಿದುಬಂದಿದೆ.