ಕಾರಿನ ಬೆನ್ನಿಗೊಂದು ಕಣ್ಣು

ಮನೆಗೊಂದು ಕಾರು ಬಂದರೆ ಎಲ್ಲರಿಗೂ ಸಂತೋಷವೇ. ಆದರೆ ಅದೇ ಕಾರನ್ನು ಬೆಳಿಗ್ಗೆ ಗೇಟಿನಿಂದ ಹಿಂದಕ್ಕೆ ತೆಗೆಯುವ ಆ ಎರಡು ನಿಮಿಷ ಇದೆಯಲ್ಲ, ಅದು ಮಾತ್ರ ಎದೆ ಢವಢವ. ಒಬ್ಬರು ಬೀದಿಯಲ್ಲಿ ನಿಂತು “ಬರ್ಲಿ, ಬರ್ಲಿ” ಅನ್ನಬೇಕು. ಇನ್ನೊಬ್ಬರು ಮಗುವನ್ನು ಹಿಡಿದುಕೊಂಡಿರಬೇಕು. ಪಕ್ಕದ ಮನೆಯವರು ರಂಗೋಲಿ ಹಾಕಲು ಬಗ್ಗಿದ್ದರೆ ಅದೂ ಚಾಲಕರಿಗೆ ಕಾಣದು. ಕನ್ನಡಿಯಲ್ಲಿ ದೂರದ್ದು ಕಾಣುತ್ತದೆ, ಬೆನ್ನಿಗೇ ಅಂಟಿಕೊಂಡಂತೆ ತಗ್ಗಿನಲ್ಲಿರುವುದು ಕಾಣುವುದಿಲ್ಲ. ಎರಡು ವರ್ಷದ ಕೂಸಿನ ಎತ್ತರ ಎಷ್ಟು, ಡಿಕ್ಕಿಯ ಎತ್ತರ ಎಷ್ಟು, ನೀವೇ ಅಳೆದು ನೋಡಿ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ 2002ರಲ್ಲಿ ಕ್ಯಾಮೆರಾನ್ ಗಲ್‌ಬ್ರಾನ್ಸೆನ್ ಎಂಬ ಎರಡು ವರ್ಷದ ಮಗು ತನ್ನ ಮನೆಯಂಗಳದಲ್ಲೇ, ತಂದೆ ಹಿಂದಕ್ಕೆ ತೆಗೆಯುತ್ತಿದ್ದ ಕಾರಿಗೆ ಸಿಕ್ಕಿ ತೀರಿಕೊಂಡಿತು. ಆ ತಂದೆ ಮಕ್ಕಳ ವೈದ್ಯರು! ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಅಲ್ಲಿ ಕಾನೂನು ಬಂತು. ಹೀಗೆ ಹಿಂದೆ ಬರುವ ವಾಹನಗಳಿಂದ ವರ್ಷಕ್ಕೆ ಸುಮಾರು 210 ಸಾವು, 15,000 ಮಂದಿಗೆ ಗಾಯ ಎಂದು ಅಲ್ಲಿನ ಸರ್ಕಾರ ಲೆಕ್ಕ ಹಾಕಿತು. ಸತ್ತವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು, 26 ಮಂದಿ ಎಪ್ಪತ್ತು ದಾಟಿದ ಹಿರಿಯರು. 2018ರ ಮೇ 1ರಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಹಿಂಗಣ್ಣು, ಅಂದರೆ ಕ್ಯಾಮೆರಾ ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯ ಮಾಡಿದರು. ಸೆನ್ಸರ್ ಬೀಪ್ ಅನ್ನುತ್ತದೆ ನಿಜ. ಆದರೆ ಹಿಂದಿರುವುದು ಗೋಡೆಯೋ ಮಗುವೋ ಅಂತ ಅದು ಹೇಳುವುದಿಲ್ಲ. ಹಳೆಯ ಕಾರುಗಳಲ್ಲಿ ಅನೇಕಕ್ಕೆ ಅದೂ ಇಲ್ಲ. ನಮ್ಮ ಮನೆಯದೂ ಹಾಗೇ. ಅದಕ್ಕೇ ಒಂದು ಭಾನುವಾರ ನಾನೂ ನಮ್ಮ ನಾದಿನಿಯೂ ಕೂತು ಕ್ಯಾಮೆರಾ ಹಾಕಿಬಿಟ್ಟೆವು. ಮಿಕ್ಸಿಯ ಪ್ಲಗ್ ಬದಲಾಯಿಸುವ ಧೈರ್ಯ ಇದ್ದವರಿಗೆ ಇದೂ ಸಾಧ್ಯ. ಬೇಕಾದದ್ದು ಶಕ್ತಿಯಲ್ಲ, ತಾಳ್ಮೆ.

ಏನೇನು ಬೇಕು?

ಕ್ಯಾಮೆರಾ, ಪುಟ್ಟ ಪರದೆ, ಉದ್ದನೆಯ ವಿಡಿಯೋ ವೈರು ಇವು ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಕಾರಿನ ಸ್ಟೀರಿಯೋಗೆ ಈಗಾಗಲೇ ಪರದೆಯಿದ್ದು, ಕ್ಯಾಮೆರಾ ಜೋಡಿಸುವ ಜಾಗವಿದ್ದರೆ ಬೇರೆ ಪರದೆ ಬೇಡ. ಕ್ಯಾಮೆರಾ ಮೇಲೆ ಐಪಿ67 ಎಂದು ಇದೆಯೇ ನೋಡಿ. ಧೂಳು ಹೊಗದು, ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದು ಅದರ ಅರ್ಥ. ನಮ್ಮ ಮಳೆಗಾಲಕ್ಕೆ ಇದು ಬೇಕೇ ಬೇಕು. ಇನ್ನು ಸ್ಕ್ರೂಡ್ರೈವರ್, ಸ್ಪ್ಯಾನರ್, ಇನ್ಸುಲೇಶನ್ ಟೇಪು, ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ, 12 ವೋಲ್ಟಿನ ಟೆಸ್ಟ್ ಲ್ಯಾಂಪ್. ಮನೆಯ ಕರೆಂಟ್ ನೋಡುವ ಟೆಸ್ಟರ್ ಇಲ್ಲಿ ಉಪಯೋಗವಿಲ್ಲ. 12 ವೋಲ್ಟಿಗೆ ಅದು ಹೊತ್ತಿಕೊಳ್ಳುವುದೇ ಇಲ್ಲ.

ಒಂದು ಮುಖ್ಯ ಮಾತು. ನಂಬರ್ ಪ್ಲೇಟಿಗೆ ಚೌಕಟ್ಟಿನಂತೆ ಕೂರುವ ಕ್ಯಾಮೆರಾ ತರಬೇಡಿ. ಈಗಿನ ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಬಿಚ್ಚಲಾಗದ ಲಾಕ್ ಹಾಕಿ ಕೂರಿಸಿರುತ್ತಾರೆ. ಅದನ್ನು ಮುಟ್ಟಬಾರದು. ಪ್ಲೇಟಿನ ಮೇಲ್ಭಾಗದಲ್ಲಿ, ದೀಪದ ಪಕ್ಕ ಕೂರುವ ಚಿಕ್ಕ ಕ್ಯಾಮೆರಾ ತನ್ನಿ. ಅಂಕಿಗಳು ಮರೆಯಾಗಬಾರದು.

ಮಾಡುವ ಕ್ರಮ

1. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ. ಹಿಂದೆ ಬಿಳಿ ದೀಪ ಹೊತ್ತುತ್ತದೆ. ಡಿಕ್ಕಿಯ ಒಳಗಿನಿಂದ ಆ ದೀಪಕ್ಕೆ ಬರುವ ವೈರುಗಳಲ್ಲಿ ಯಾವುದರಲ್ಲಿ ಕರೆಂಟ್ ಬರುತ್ತದೆ ಅಂತ ಟೆಸ್ಟ್ ಲ್ಯಾಂಪ್‌ನಿಂದ ಗುರುತಿಸಿ, ಟೇಪು ಸುತ್ತಿಡಿ.

2. ಗೇರ್ ನ್ಯೂಟ್ರಲ್‌ಗೆ ತಂದು, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ. ಕೆಲವು ಸ್ಟೀರಿಯೋಗಳು ಆಮೇಲೆ ಕೋಡ್ ಕೇಳುತ್ತವೆ. ಮೊದಲೇ ಬರೆದಿಟ್ಟುಕೊಳ್ಳಿ.

3. ಕ್ಯಾಮೆರಾದ ಕೆಂಪು ವೈರನ್ನು ಗುರುತಿಸಿದ ವೈರಿಗೂ, ಕಪ್ಪನ್ನು ಕಾರಿನ ಬಾಡಿಯ ಲೋಹಕ್ಕೂ ಜೋಡಿಸಿ. ವಿಡಿಯೋ ವೈರಿನ ಎರಡು ತುದಿಯಲ್ಲೂ ಸಣ್ಣ ಕೆಂಪು ಎಳೆಯೊಂದಿರುತ್ತದೆ. ಹಿಂದಿನ ಎಳೆಯನ್ನೂ ಅದೇ ದೀಪದ ವೈರಿಗೆ ಸೇರಿಸಿ. ಮುಂದಿನದನ್ನು ಪರದೆಯ ರಿವರ್ಸ್ ವೈರಿಗೆ ಸೇರಿಸಿ. ರಿವರ್ಸ್ ಗೇರ್ ಹಾಕಿದೊಡನೆ ಚಿತ್ರ ತಾನಾಗಿ ಮೂಡುವ ಗುಟ್ಟು ಇದೇ.

4. ಪರದೆಗೆ ಬೇಕಾದ ಕರೆಂಟನ್ನು ಫ್ಯೂಸ್ ಪೆಟ್ಟಿಗೆಯಿಂದ ಪಡೆಯಿರಿ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸನ್ನೇ ಆರಿಸಿ, ಇಲ್ಲದಿದ್ದರೆ ರಾತ್ರಿಯೆಲ್ಲ ಬ್ಯಾಟರಿ ಸೋರಿಹೋಗುತ್ತದೆ. ಇದಕ್ಕೆಂದೇ ಸಿಗುವ ಫ್ಯೂಸ್ ಟ್ಯಾಪ್ ಬಳಸಿ. ಬರೀ ವೈರು ತುರುಕಬೇಡಿ.

5. ವೈರುಗಳನ್ನು ಒಳಗೆ ಅಡಗಿಸುವ ಮೊದಲು, ಸೀಟಿನ ಮೇಲೇ ಹರವಿಟ್ಟು, ಬ್ಯಾಟರಿ ಜೋಡಿಸಿ ಒಮ್ಮೆ ಪರೀಕ್ಷೆ ಮಾಡಿ. ಚಿತ್ರ ಬಂದರೆ ಬ್ಯಾಟರಿ ಮತ್ತೆ ಬಿಚ್ಚಿ ಮುಂದುವರಿಯಿರಿ. ಇಲ್ಲಿ ಅವಸರ ಮಾಡಿದರೆ ಎಲ್ಲವನ್ನೂ ಎರಡೆರಡು ಸಲ ಬಿಚ್ಚಬೇಕಾದೀತು.

6. ಡಿಕ್ಕಿಯ ಬಾಗಿಲಿಗೂ ಕಾರಿಗೂ ನಡುವೆ ರಬ್ಬರ್ ಕೊಳವೆಯೊಂದಿರುತ್ತದೆ. ವೈರು ಅದರೊಳಗೇ ಹೋಗಬೇಕು. ಲಂಗಕ್ಕೆ ಲಾಡಿ ಪೋಣಿಸಲು ಪಿನ್ನು ಬಳಸುವುದಿಲ್ಲವೇ, ಹಾಗೇ ಗಟ್ಟಿ ತಂತಿಯೊಂದಕ್ಕೆ ವೈರಿನ ತುದಿಯನ್ನು ಟೇಪಿನಿಂದ ಕಟ್ಟಿ ತೂರಿಸಿ. ಆಮೇಲೆ ಬಾಗಿಲ ಬಳಿಯ ಪ್ಲಾಸ್ಟಿಕ್ ಪಟ್ಟಿ, ಮ್ಯಾಟಿನ ಅಂಚು ಇವುಗಳ ಕೆಳಗೆ ವೈರನ್ನು ಮುಂದಕ್ಕೆ ತಂದರಾಯಿತು.

ನಾವು ಈ ಹಂತದಲ್ಲಿದ್ದಾಗ ಅತ್ತೆಯವರು ಬಂದು, “ಎಲ್ಲಾ ಬಿಚ್ಚಿ ಕೂತಿದ್ದೀರಲ್ರೇ, ಮತ್ತೆ ಸೇರಿಸ್ತೀರೋ ಇಲ್ವೋ?” ಅಂದರು. ಬಿಚ್ಚಿದ ಸ್ಕ್ರೂಗಳನ್ನು ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಬೇರೆಬೇರೆಯಾಗಿ ಇಟ್ಟಿದ್ದನ್ನು ನೋಡಿದ ಮೇಲೆ ಸುಮ್ಮನಾದರು.

ಇಲ್ಲಿ ಎಚ್ಚರ!

ಹಳದಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳ ತಂಟೆಗೆ ಹೋಗಲೇಬೇಡಿ. ಏರ್‌ಬ್ಯಾಗ್ ಇರುವ ಕಂಬದ ಪಟ್ಟಿಯನ್ನೂ ಬಿಚ್ಚಬೇಡಿ. ಬಲ್ಬು ಕೆಟ್ಟರೆ ತಾನೇ ತಿಳಿಸುವಂಥ ಹೊಸ ಕಾರುಗಳಲ್ಲಿ ದೀಪದ ವೈರಿಗೆ ನೇರವಾಗಿ ಜೋಡಿಸಿದರೆ ಚಿತ್ರ ನಡುಗುವುದುಂಟು. ಅವಕ್ಕೆ ನಡುವೆ ರಿಲೇ ಬೇಕು. ಅಂಥ ಕೆಲಸವನ್ನು ಕಾರಿನ ಎಲೆಕ್ಟ್ರಿಷಿಯನ್‌ಗೇ ಬಿಡಿ. ವಾರಂಟಿ ಇರುವ ಕಾರಾದರೆ ಕಂಪನಿಯವರನ್ನು ಕೇಳದೆ ವೈರು ಕತ್ತರಿಸಬೇಡಿ.

ಕೊನೆಗೆ ಪರೀಕ್ಷೆ

ಕಾರಿನ ಹಿಂದೆ ಎಡಬದಿಗೆ ಒಬ್ಬರನ್ನು ನಿಲ್ಲಿಸಿ. ಪರದೆಯಲ್ಲೂ ಅವರು ಎಡಕ್ಕೇ ಕಾಣಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಬಲಕ್ಕೆ ಕಂಡರೆ ಪೆಟ್ಟಿಗೆಯಲ್ಲಿರುವ ಚೀಟಿ ನೋಡಿ ಸರಿಪಡಿಸಿ. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅವು ನಿಮ್ಮ ಕಾರಿಗೆ ಅಳೆದು ಹಾಕಿದ್ದಲ್ಲ. ಡಿಕ್ಕಿಯಿಂದ ಒಂದು ಮೀಟರಿಗೆ ಒಂದು, ಎರಡು ಮೀಟರಿಗೆ ಒಂದು ರಂಗೋಲಿ ಗೆರೆ ಎಳೆದು, ಪರದೆಯಲ್ಲಿ ಅವು ಎಲ್ಲಿ ಬೀಳುತ್ತವೆಂದು ನೋಡಿಟ್ಟುಕೊಳ್ಳಿ. ಬಂಪರಿಗೆ ತೀರಾ ಹತ್ತಿರ ಒಂದು ಚೊಂಬು ಇಟ್ಟು ಅದೂ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಕೆಳಮುಖ ಮಾಡಿ.

ಕೆಸರಿನ ದಿನಗಳಲ್ಲಿ ಹೊರಡುವ ಮುಂಚೆ ಒದ್ದೆ ಮೆತ್ತನೆ ಬಟ್ಟೆಯಿಂದ ಆ ಪುಟ್ಟ ಗಾಜನ್ನು ಒರೆಸಿ. ಹೀಗೆ ಒರೆಸಲು ಹೋದಾಗ ಕಾರಿನ ಸುತ್ತ ಒಂದು ಸುತ್ತು ಬಂದಂತೆಯೂ ಆಯಿತು. ಆ ಸುತ್ತನ್ನು ಮಾತ್ರ ಯಾವ ದಿನವೂ ಬಿಡಬೇಡಿ. ಕ್ಯಾಮೆರಾ ತೋರಿಸುತ್ತದೆ ಅಷ್ಟೇ, ಬ್ರೇಕ್ ಒತ್ತಬೇಕಾದ್ದು ನಮ್ಮ ಕಾಲು. ಪಕ್ಕದಿಂದ ಓಡಿಬರುವ ಮಗು ಅದಕ್ಕೂ ತಡವಾಗಿಯೇ ಕಾಣುತ್ತದೆ. ಆದ್ದರಿಂದ ಕಾರು ಹಿಂದಕ್ಕೆ ಬರುವಾಗ ಚಿಕ್ಕ ಮಕ್ಕಳ ಕೈ ಯಾರಾದರೊಬ್ಬ ದೊಡ್ಡವರ ಕೈಯಲ್ಲೇ ಇರಲಿ.