ದೂರದ ತಾಣದಲ್ಲಿ ಗಣಕಗಳ ಮರುಹುಟ್ಟು

2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ನಾಶವಾಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಸುಟ್ಟಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಲಕ್ಷಾಂತರ ಜಾಲತಾಣಗಳು ಏಕಕಾಲಕ್ಕೆ ಮೌನವಾದವು. ತಮ್ಮ ದತ್ತಾಂಶದ ಪ್ರತಿಯನ್ನು ಬೇರೆ ಊರಿನಲ್ಲಿ ಇಟ್ಟಿದ್ದವರು ಮತ್ತೆ ಕೆಲಸ ಆರಂಭಿಸಿದರು. ಪ್ರತಿಯನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರಿಗೆ ಮೂಲವೂ ಉಳಿಯಲಿಲ್ಲ, ಪ್ರತಿಯೂ ಉಳಿಯಲಿಲ್ಲ.

ಇಂದು ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ ಇವೆಲ್ಲ ಇಂತಹ ಕೇಂದ್ರಗಳನ್ನೇ ನಂಬಿವೆ. ಒಂದು ಕೇಂದ್ರ ನಾಶವಾದರೆ ಅಲ್ಲಿನ ನೂರಾರು ಗಣಕಗಳನ್ನು ನೂರಾರು ಕಿಲೋಮೀಟರ್ ದೂರದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವುದು ಹೇಗೆ? ಈ ವಿದ್ಯೆಗೆ ಎರಡು ಆಧಾರಗಳಿವೆ: ಒಂದು ವರ್ಚುವಲ್ ಮೆಷೀನ್, ಇನ್ನೊಂದು ಸ್ನ್ಯಾಪ್‌ಶಾಟ್.

ಗಣಕವೇ ಒಂದು ಕಡತ

ಒಂದು ದೊಡ್ಡ ಗಣಕದೊಳಗೆ ತಂತ್ರಾಂಶದ ಸಹಾಯದಿಂದ ಹಲವು ಗಣಕಗಳಿರುವಂತೆ ಮಾಡಬಹುದು. ಇವೇ ವರ್ಚುವಲ್ ಮೆಷೀನ್‌ಗಳು. ಕನ್ನಡದಲ್ಲಿ ಮಿಥ್ಯಾಗಣಕ ಎನ್ನೋಣ. ಇವುಗಳನ್ನು ನಡೆಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಈ ಕಲ್ಪನೆ ಹೊಸದಲ್ಲ. 1972ರಲ್ಲಿಯೇ ಐಬಿಎಂ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ತಂದಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆ ಇದನ್ನು ಸಾಮಾನ್ಯ ಪಿಸಿಗಳಿಗೂ ತಂದಿತು.

ಮಿಥ್ಯಾಗಣಕಕ್ಕೆ ಹಾರ್ಡ್ ಡಿಸ್ಕ್ ಎಂದು ತೋರುವುದು ನಿಜಕ್ಕೂ ಒಂದು ದೊಡ್ಡ ಕಡತ. ಅದಕ್ಕೆ ಎಷ್ಟು ಸ್ಮೃತಿ, ಎಷ್ಟು ಪ್ರೊಸೆಸರ್, ಯಾವ ಜಾಲ ಎಂಬ ವಿವರ ಇನ್ನೊಂದು ಚಿಕ್ಕ ಕಡತದಲ್ಲಿರುತ್ತದೆ. ಎಂದರೆ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ, ದತ್ತಾಂಶ ಸಹಿತವಾದ ಇಡೀ ಗಣಕ ಕೆಲವು ಕಡತಗಳ ರೂಪದಲ್ಲಿದೆ. ಕಡತಗಳು ದೂರದ ಊರನ್ನು ತಲುಪಿದರೆ ಗಣಕವೇ ತಲುಪಿದಂತೆ. ಅಲ್ಲಿಯ ಯಂತ್ರಾಂಶ ಬೇರೆ ತಯಾರಕರದ್ದಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಹೈಪರ್‌ವೈಸರ್ ಆ ವ್ಯತ್ಯಾಸವನ್ನು ಮರೆಮಾಡುತ್ತದೆ.

ಪರಿವಿಡಿಯ ಪ್ರತಿ

ಈ ಕಡತಗಳು ಸ್ಟೋರೇಜ್ ಎಂಬ ಪ್ರತ್ಯೇಕ ಸಾಧನದಲ್ಲಿರುತ್ತವೆ. ಹತ್ತಾರು ಡಿಸ್ಕುಗಳನ್ನು ಒಟ್ಟುಗೂಡಿಸಿ ಸಂಪುಟಗಳಾಗಿ ವಿಂಗಡಿಸಿ ಕೊಡುವುದು ಇದರ ಕೆಲಸ. ಯಾವ ಕಡತದ ಯಾವ ತುಣುಕು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು ಅದು ಇಟ್ಟುಕೊಂಡಿರುತ್ತದೆ. ಪುಸ್ತಕದ ಪರಿವಿಡಿಯಂತೆ ಎಂದುಕೊಳ್ಳಿ.

ಸ್ನ್ಯಾಪ್‌ಶಾಟ್ ತೆಗೆಯುವುದೆಂದರೆ ಪುಸ್ತಕವನ್ನೆಲ್ಲ ನಕಲು ಮಾಡುವುದಲ್ಲ, ಆ ಕ್ಷಣದ ಪರಿವಿಡಿಯನ್ನು ಮಾತ್ರ ಎತ್ತಿಡುವುದು. ಆದ್ದರಿಂದಲೇ ಎಷ್ಟೇ ದೊಡ್ಡ ಸಂಪುಟವಾದರೂ ಕೆಲವೇ ಸೆಕೆಂಡು ಸಾಕು. ಮುಂದೆ ಒಂದು ಪುಟ ಬದಲಾದಾಗ ಹೊಸ ಪುಟವನ್ನು ಬೇರೆ ಖಾಲಿ ಜಾಗದಲ್ಲಿ ಬರೆಯಲಾಗುತ್ತದೆ. ಹೊಸ ಪರಿವಿಡಿ ಹೊಸ ಪುಟವನ್ನು ತೋರಿಸುತ್ತದೆ. ಎತ್ತಿಟ್ಟ ಪರಿವಿಡಿ ಹಳೆಯ ಪುಟವನ್ನೇ ತೋರಿಸುತ್ತದೆ. ಬದಲಾದ ಪುಟಗಳಿಗೆ ಮಾತ್ರ ಹೆಚ್ಚುವರಿ ಜಾಗ ಬೇಕು. ಕೆಲವು ಸಾಧನಗಳು ಹಳೆಯ ಪುಟವನ್ನು ಮೊದಲು ಬೇರೆಡೆ ನಕಲು ಮಾಡಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದೂ ಉಂಟು. ಫಲ ಒಂದೇ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಇದೆ. ಸ್ನ್ಯಾಪ್‌ಶಾಟ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಹಲವರು ಕೇಳುತ್ತಾರೆ. ಎತ್ತಿಟ್ಟ ಪರಿವಿಡಿ ತೋರಿಸುವ ಪುಟಗಳು ಅದೇ ಡಿಸ್ಕುಗಳಲ್ಲಿವೆ. ಡಿಸ್ಕು ಸುಟ್ಟರೆ ಸ್ನ್ಯಾಪ್‌ಶಾಟ್ ಕೂಡ ಸುಟ್ಟಿತು. ಅದು ದೂರದ ತಾಣಕ್ಕೆ ಹೋದಾಗ ಮಾತ್ರ ನಿಜವಾದ ರಕ್ಷಣೆ.

ಬದಲಾದುದಷ್ಟೇ ಪಯಣ

ಲೆಕ್ಕ ಹಾಕಿ ನೋಡೋಣ. 2 ಟೆರಾಬೈಟ್ ಗಾತ್ರದ ಸಂಪುಟವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಕಳುಹಿಸಲು ಸುಮಾರು 44 ಗಂಟೆ ಬೇಕು. ಪ್ರತಿದಿನ ಇದನ್ನು ಮಾಡಲಾಗದು. ಆದರೆ ಎರಡು ಸ್ನ್ಯಾಪ್‌ಶಾಟ್‌ಗಳ ಪರಿವಿಡಿಗಳನ್ನು ಹೋಲಿಸಿದರೆ ಯಾವ ಪುಟಗಳು ಬದಲಾಗಿವೆ ಎಂದು ಕೂಡಲೇ ತಿಳಿಯುತ್ತದೆ. ದಿನಕ್ಕೆ ಶೇಕಡ 1ರಷ್ಟು ಬದಲಾಗುತ್ತದೆ ಎಂದುಕೊಂಡರೆ ಕಳುಹಿಸಬೇಕಾದುದು 20 ಗಿಗಾಬೈಟ್ ಮಾತ್ರ. ಅದಕ್ಕೆ ಸುಮಾರು 27 ನಿಮಿಷ ಸಾಕು. ಮೊದಲ ಬಾರಿ ಪೂರ್ಣ ಪ್ರತಿ, ಆಮೇಲೆ ಬದಲಾದ ತುಣುಕುಗಳು ಮಾತ್ರ.

ಪ್ರತಿ ಬರಹವನ್ನೂ ಆಗಿಂದಾಗಲೇ ಎರಡೂ ಕಡೆ ಬರೆಯಬಾರದೇಕೆ? ಹತ್ತಿರದ ತಾಣಗಳ ನಡುವೆ ಹಾಗೆ ಮಾಡುತ್ತಾರೆ. ದೂರ ಹೆಚ್ಚಾದಂತೆ ಬೆಳಕಿನ ವೇಗವೇ ಅಡ್ಡ ಬರುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ತಂತುವಿನ ಉದ್ದ 2,000 ಕಿಲೋಮೀಟರ್ ಇದ್ದರೆ ಹೋಗಿ ಬರಲು 20 ಮಿಲಿಸೆಕೆಂಡು. ಒಂದೊಂದು ಬರಹವೂ ಅಷ್ಟು ಕಾದರೆ ಮೂಲ ತಾಣದ ಕೆಲಸವೇ ನಿಧಾನವಾಗುತ್ತದೆ. ಆದ್ದರಿಂದ ದೂರದ ತಾಣಕ್ಕೆ ಗೊತ್ತಾದ ಅವಧಿಗೊಮ್ಮೆ ಸ್ನ್ಯಾಪ್‌ಶಾಟ್ ಕಳುಹಿಸುವುದೇ ರೂಢಿ.

ಇದರಿಂದ ಎರಡು ಅಳತೆಗಳು ಹುಟ್ಟುತ್ತವೆ. ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ತಡೆದುಕೊಳ್ಳಬಹುದು ಎಂಬುದು ಮೊದಲನೆಯದು. ಇದನ್ನು ಆರ್‌ಪಿಓ ಎನ್ನುತ್ತಾರೆ. ಎಷ್ಟು ಹೊತ್ತಿನೊಳಗೆ ಕೆಲಸ ಮರಳಿ ಆರಂಭವಾಗಬೇಕು ಎಂಬುದು ಎರಡನೆಯದು; ಇದು ಆರ್‌ಟಿಓ. ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ಕಳುಹಿಸುವವರು ಕನಿಷ್ಠ ಒಂದು ಗಂಟೆಯ ವ್ಯವಹಾರ ಕಳೆದುಕೊಳ್ಳಲು ಸಿದ್ಧರಿರಬೇಕು. ಕಳುಹಿಸಲು ಹಿಡಿಯುವ ಸಮಯವನ್ನೂ ಅದಕ್ಕೆ ಕೂಡಿಸಬೇಕು.

ಅರೆ ಬರೆದ ವಾಕ್ಯ

ಬ್ಯಾಂಕಿನ ಗಣಕ ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರಿಸುವ ನಡುವೆ ಸ್ನ್ಯಾಪ್‌ಶಾಟ್ ತೆಗೆದರೆ ಏನಾಗುತ್ತದೆ? ದೂರದ ತಾಣದಲ್ಲಿ ಎದ್ದ ಗಣಕಕ್ಕೆ, ಕರೆಂಟು ಹೋಗಿ ಮತ್ತೆ ಬಂದಂತೆ ಅನಿಸುತ್ತದೆ. ಒಳ್ಳೆಯ ದತ್ತಸಂಚಯ ತಂತ್ರಾಂಶಗಳು ಇದಕ್ಕೆ ಸಿದ್ಧವಾಗಿರುತ್ತವೆ. ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದು ಆಮೇಲೆ ಖಾತೆಯನ್ನು ಮುಟ್ಟುತ್ತವೆ. ಎದ್ದ ಮೇಲೆ ದಿನಚರಿ ಓದಿ ಅರ್ಧಕ್ಕೆ ನಿಂತ ವ್ಯವಹಾರವನ್ನು ರದ್ದುಪಡಿಸುತ್ತವೆ.

ಆದರೆ ಖಾತೆ ಒಂದು ಸಂಪುಟದಲ್ಲೂ ದಿನಚರಿ ಇನ್ನೊಂದರಲ್ಲೂ ಇದ್ದು, ಎರಡರ ಸ್ನ್ಯಾಪ್‌ಶಾಟ್ ಬೇರೆ ಬೇರೆ ಕ್ಷಣಗಳಲ್ಲಿ ತೆಗೆದಿದ್ದರೆ ಲೆಕ್ಕ ತಾಳೆಯಾಗದು. ಇಂತಹ ಸಂಪುಟಗಳನ್ನು ಒಂದು ಗುಂಪಾಗಿಸಿ ಒಂದೇ ಕ್ಷಣದಲ್ಲಿ ಸ್ನ್ಯಾಪ್‌ಶಾಟ್ ತೆಗೆಯಬೇಕು. ಇನ್ನೂ ಒಳ್ಳೆಯ ಕ್ರಮವೆಂದರೆ, ಅದಕ್ಕೆ ಮುನ್ನ ತಂತ್ರಾಂಶಕ್ಕೆ ಸೂಚನೆ ಕೊಟ್ಟು ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಬರೆಸಿ, ಕ್ಷಣಕಾಲ ತಡೆದು ನಿಲ್ಲಿಸುವುದು. ವಿಂಡೋಸ್‌ನಲ್ಲಿ ವಿಎಸ್‌ಎಸ್ ಎಂಬ ಸೇವೆ ಈ ಕೆಲಸ ಮಾಡುತ್ತದೆ.

ಎಬ್ಬಿಸುವ ಕ್ರಮ

ಮೂಲ ತಾಣ ನಾಶವಾಯಿತು ಎಂದುಕೊಳ್ಳಿ. ದೂರದ ತಾಣದ ಸಿಬ್ಬಂದಿ ಅನುಸರಿಸಬೇಕಾದ ಹಂತಗಳು ಹೀಗಿವೆ.

ಮೊದಲು, ಮೂಲ ತಾಣ ನಿಜವಾಗಿ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಂಪರ್ಕ ಮಾತ್ರ ಕಡಿದಿದ್ದು, ಎರಡೂ ಕಡೆ ಒಂದೇ ಗಣಕ ಕೆಲಸ ಮಾಡತೊಡಗಿದರೆ ಎರಡು ಬಗೆಯ ಲೆಕ್ಕಗಳು ಬೆಳೆಯುತ್ತವೆ. ಆಮೇಲೆ ಅವನ್ನು ಕೂಡಿಸುವುದು ಬಲು ಕಷ್ಟ.

ಎರಡನೆಯದಾಗಿ, ಯಾವ ಸ್ನ್ಯಾಪ್‌ಶಾಟ್ ಎಂದು ಆರಿಸಬೇಕು. ಎಲ್ಲಕ್ಕಿಂತ ಹೊಸದು ಯಾವಾಗಲೂ ಒಳ್ಳೆಯದಲ್ಲ. ದತ್ತಾಂಶವನ್ನು ಗುಪ್ತಲಿಪಿಗೆ ತಿರುಗಿಸಿ ಹಣ ಕೇಳುವ ಕುತಂತ್ರಾಂಶ ನುಗ್ಗಿದ್ದರೆ, ಹೊಸ ಸ್ನ್ಯಾಪ್‌ಶಾಟ್‌ನಲ್ಲಿ ಆ ಹಾನಿಯೂ ನಕಲಾಗಿರುತ್ತದೆ. ಹಲವು ದಿನಗಳ ಸ್ನ್ಯಾಪ್‌ಶಾಟ್‌ಗಳನ್ನು ಯಾರೂ ಅಳಿಸಲಾಗದಂತೆ ಇಡಬೇಕಾದುದು ಇದಕ್ಕಾಗಿ.

ಮೂರನೆಯದಾಗಿ, ಆರಿಸಿದ ಸ್ನ್ಯಾಪ್‌ಶಾಟ್‌ನಿಂದ ಬರೆಯಬಹುದಾದ ಒಂದು ತದ್ರೂಪು ಮಾಡಿ ಅದನ್ನು ಅಲ್ಲಿನ ಹೈಪರ್‌ವೈಸರ್‌ಗಳಿಗೆ ಕಾಣುವಂತೆ ಮಾಡಬೇಕು. ಮೂಲ ಸ್ನ್ಯಾಪ್‌ಶಾಟ್ ಮುಟ್ಟದೆ ಉಳಿಯುವುದರಿಂದ, ತಪ್ಪಾದರೆ ಮತ್ತೆ ಮೊದಲಿನಿಂದ ಆರಂಭಿಸಬಹುದು. ಇಲ್ಲಿ ಒಂದು ಸಣ್ಣ ತೊಡಕುಂಟು. ವಿಎಂವೇರ್ ವ್ಯವಸ್ಥೆಯಲ್ಲಿ ಪ್ರತಿ ಸಂಪುಟದ ಮೇಲೆ ಅದರ ಗುರುತು ಬರೆದಿರುತ್ತದೆ. ಗುರುತು ಹಳೆಯದು, ಸಾಧನ ಹೊಸದು ಎಂದು ಕಂಡಾಗ ಹೈಪರ್‌ವೈಸರ್ ಅದನ್ನು ನಕಲು ಎಂದು ಬಗೆದು ತಾನಾಗಿ ಬಳಸುವುದಿಲ್ಲ. ಹೊಸ ಗುರುತು ಬರೆಯುವಂತೆ ಹೇಳಬೇಕು. ಇದು ತಿಳಿಯದವರು ‘ದತ್ತಾಂಶವೇ ಬಂದಿಲ್ಲ’ ಎಂದು ಗಾಬರಿಯಾಗುತ್ತಾರೆ.

ನಾಲ್ಕನೆಯದು, ಸಂಪುಟದಲ್ಲಿರುವ ಮಿಥ್ಯಾಗಣಕಗಳನ್ನು ನೋಂದಾಯಿಸಿ, ಹೊಸ ತಾಣದ ಜಾಲಕ್ಕೆ ಜೋಡಿಸಿ, ಅಗತ್ಯವಿದ್ದರೆ ಐಪಿ ವಿಳಾಸ ಬದಲಿಸುವುದು.

ಕೊನೆಯದು, ಸರಿಯಾದ ಅನುಕ್ರಮದಲ್ಲಿ ಚಾಲೂ ಮಾಡುವುದು. ಹೆಸರು ಮತ್ತು ವಿಳಾಸ ಹೇಳುವ ಗಣಕಗಳು ಮೊದಲು, ದತ್ತಸಂಚಯ ಆಮೇಲೆ, ಅದನ್ನು ಬಳಸುವ ತಂತ್ರಾಂಶ ಅದರ ನಂತರ, ಗ್ರಾಹಕರಿಗೆ ಕಾಣುವ ಜಾಲತಾಣ ಕಡೆಗೆ. ಅಡಿಪಾಯ ಹಾಕದೆ ಮಾಳಿಗೆ ಕಟ್ಟಲಾಗದಲ್ಲವೆ?

ಮುಂಬಯಿಯ ಪಾಠ

ಯಂತ್ರಗಳಿದ್ದರೆ ಸಾಲದು ಎನ್ನುವುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆ ಇದೆ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11.40ರ ಸುಮಾರಿಗೆ ನಿಂತಿತು. ದೂರಸಂಪರ್ಕ ತಂತಿಗಳ ತೊಂದರೆಯ ಜೊತೆಗೆ ಸ್ಟೋರೇಜ್ ಜಾಲವೂ ಕೈಕೊಟ್ಟಿತ್ತು. ಚೆನ್ನೈಯಲ್ಲಿ ಪರ್ಯಾಯ ತಾಣವಿದ್ದರೂ ಅಲ್ಲಿಗೆ ವಹಿವಾಟನ್ನು ಸ್ಥಳಾಂತರಿಸಲಿಲ್ಲ. ಮಧ್ಯಾಹ್ನ 3.45ಕ್ಕೆ ಮತ್ತೆ ಆರಂಭಿಸಿ ಸಂಜೆ 5ರವರೆಗೆ ನಡೆಸಬೇಕಾಯಿತು.

ಮರುತಿಂಗಳೇ ಸೆಬಿ ನಿಯಮಗಳನ್ನು ಬಿಗಿಗೊಳಿಸಿತು. ಮುಖ್ಯ ವ್ಯವಸ್ಥೆ ನಿಂತರೆ 30 ನಿಮಿಷದೊಳಗೆ ಅದನ್ನು ವಿಪತ್ತು ಎಂದು ಘೋಷಿಸಬೇಕು; ಘೋಷಿಸಿದ 45 ನಿಮಿಷದೊಳಗೆ ಪರ್ಯಾಯ ತಾಣದಿಂದ ಕೆಲಸ ಆರಂಭವಾಗಬೇಕು. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಗಳು ವಿಶೇಷ ಅಧಿವೇಶನ ನಡೆಸಿ, ನಿಜವಾದ ವಹಿವಾಟನ್ನೇ ಮುಖ್ಯ ತಾಣದಿಂದ ಪರ್ಯಾಯ ತಾಣಕ್ಕೆ ಸಾಗಿಸಿ ನೋಡಿದವು.

ಎಲ್ಲ ಸಂಸ್ಥೆಗಳೂ ಇಷ್ಟು ದೊಡ್ಡ ತಾಲೀಮು ನಡೆಸಬೇಕಿಲ್ಲ. ಸ್ನ್ಯಾಪ್‌ಶಾಟ್‌ನ ತದ್ರೂಪು ಮಾಡಿ, ಹೊರಗಿನೊಡನೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಲದಲ್ಲಿ ಗಣಕಗಳನ್ನು ಎಬ್ಬಿಸಿ, ಲೆಕ್ಕ ಸರಿಯಿದೆಯೇ ಎಂದು ನೋಡಿ ಅಳಿಸಿಬಿಡಬಹುದು. ಮೂಲ ಕೆಲಸಕ್ಕೆ ಯಾವ ಅಡಚಣೆಯೂ ಆಗದು. ಎಷ್ಟು ನಿಮಿಷ ಹಿಡಿಯಿತು, ಯಾವ ಗಣಕ ಏಳಲಿಲ್ಲ, ಯಾವ ಗುಪ್ತಪದ ಯಾರಿಗೂ ನೆನಪಿರಲಿಲ್ಲ ಎಂಬುದೆಲ್ಲ ಆಗ ತಿಳಿಯುತ್ತದೆ. ಈ ಹಂತಗಳನ್ನು ಕಾಗದದಲ್ಲಿ ಬರೆದು ಎರಡೂ ತಾಣಗಳಲ್ಲಿ ಇಡುವುದು ಒಳಿತು. ಗಣಕಗಳನ್ನು ಎಬ್ಬಿಸುವ ವಿಧಾನವನ್ನು ಸುಟ್ಟುಹೋದ ಗಣಕದಲ್ಲೇ ಬರೆದಿಟ್ಟಿದ್ದರೆ ಏನು ಪ್ರಯೋಜನ?